ಜಾರುವುದನ್ನು ನಿಲ್ಲಿಸುವ ಬಲ ಎಷ್ಟು? - ಮಳೆಗಾಲದ ರಸ್ತೆಗೊಂದು ಲೆಕ್ಕ

ಕಳೆದ ಆಟಿ ತಿಂಗಳ ಒಂದು ಸಂಜೆ. ಬದಿಯಡ್ಕದ ಕಡೆಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ, ಚಾ ಹೋಟೆಲಿನ ಮಾಡಿನಡಿ, ಮಳೆ ಬಿಡುವುದನ್ನು ಕಾಯುತ್ತಾ ನಾವು ನಿಂತಿದ್ದೆವು. ಶಾಲೆ ಬಿಟ್ಟು ಬಂದ ಹುಡುಗನೊಬ್ಬ ಕೊಡೆಯನ್ನು ಮುಖಕ್ಕೆ ಅಡ್ಡವಾಗಿ ಬಾಗಿಸಿ ಹಿಡಿದು, ಬಲಕ್ಕೂ ಎಡಕ್ಕೂ ನೋಡದೆ ರಸ್ತೆಗಿಳಿದ. ಅದೇ ಹೊತ್ತಿಗೆ ತಿರುವಿನಿಂದ ಬಸ್ಸೊಂದು ಬಂತು. ಬ್ರೇಕು ಬಿತ್ತು. ಚಕ್ರಗಳು ತಿರುಗುವುದನ್ನು ನಿಲ್ಲಿಸಿದವು. ಆದರೆ ಬಸ್ಸು ನಿಲ್ಲಲಿಲ್ಲ. ಗುಡ್ಡೆಯಿಂದ ಹರಿದು ಬಂದ ಕೆಂಪು ರಾಡಿಯ ಮೇಲೆ ಅದು ಜಾರುತ್ತಲೇ ಬಂದು, ಹುಡುಗನ ಕೊಡೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಹುಡುಗ ಓಡಿ ಹೋದ. ಯಾರಿಗೂ ಏನೂ ಆಗಲಿಲ್ಲ.

ಆದರೆ ಚಾ ಹೋಟೆಲಿನಲ್ಲಿ ಚರ್ಚೆ ಆರಂಭವಾಯಿತು. ನಡುಗುವ ಕೈಯಲ್ಲಿ ಗ್ಲಾಸು ಹಿಡಿದಿದ್ದ ಬಸ್ಸಿನ ಚಾಲಕನ ವಾದ ಹೀಗೆ: "ಗಾಡಿ ಖಾಲಿ ಇತ್ತು, ಅದಕ್ಕೇ ಜಾರಿತು. ಜನ ತುಂಬಿದ್ದರೆ ನೆಲವನ್ನು ಕಚ್ಚಿ ಹಿಡಿಯುತ್ತಿತ್ತು." ಮೂಲೆಯಲ್ಲಿ ಕುಳಿತಿದ್ದ ಹಳೆಯ ಜೀಪು ಚಾಲಕರೊಬ್ಬರು ಒಪ್ಪಲಿಲ್ಲ. "ಜನ ತುಂಬಿದ್ದರೆ ಆ ಹುಡುಗ ಈ ಹೊತ್ತು ಮನೆ ಸೇರುತ್ತಿರಲಿಲ್ಲ. ಭಾರದ ಗಾಡಿ ನಿಲ್ಲುವುದುಂಟೇ?" ಇಬ್ಬರಿಗೂ ಇಪ್ಪತ್ತು ವರ್ಷಕ್ಕೆ ಮೀರಿದ ಅನುಭವ. ಇಬ್ಬರ ಮಾತೂ ಕೇಳುವಾಗ ಸರಿಯೆಂದೇ ತೋರುತ್ತದೆ. ಆದರೆ ಇಬ್ಬರೂ ಏಕಕಾಲಕ್ಕೆ ಸರಿಯಾಗಿರಲು ಸಾಧ್ಯವಿಲ್ಲ.

ಮಳೆ ಬಿಟ್ಟ ಮೇಲೆ ನಾವು ರಸ್ತೆಗಿಳಿದು ನೋಡಿದೆವು. ಕೆಮ್ಮಣ್ಣಿನ ತೆಳು ಲೇಪವನ್ನು ಒರೆಸಿಕೊಂಡು ಹೋದ ಎರಡು ಗೆರೆಗಳು ಸ್ಪಷ್ಟವಾಗಿದ್ದುವು. ಹೆಜ್ಜೆ ಹಾಕಿ ಅಳೆದಾಗ ಸುಮಾರು 16 ಮೀಟರ್. ಮನೆಗೆ ಬಂದು ಹಳೆಯ ಲಕೋಟೆಯೊಂದರ ಬೆನ್ನ ಮೇಲೆ ಲೆಕ್ಕ ಹಾಕಿದೆವು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೂ ಬರುವ ಲೆಕ್ಕವಿದು. ಅದರಿಂದ ದೊರೆತ ಉತ್ತರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಾಳೆಯ ಮೇಲಿನ ಸವಾರಿ

ನಮ್ಮೂರಿನ ಅಡಿಕೆ ತೋಟಗಳಲ್ಲಿ ಬೆಳೆದವರಾರೂ ಹಾಳೆ ಎಳೆಯುವ ಆಟವನ್ನು ಮರೆತಿರಲಾರರು. ಬಿದ್ದ ಸೋಗೆಯ ಹಾಳೆಯ ಮೇಲೆ ಒಬ್ಬ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಅಂಗಳದುದ್ದಕ್ಕೂ ಎಳೆದುಕೊಂಡು ಓಡುವುದು. ಎಳೆಯುವವನು ಕೈ ಬಿಟ್ಟೊಡನೆ ಹಾಳೆ ಅಲ್ಲಿಗೇ ನಿಲ್ಲುವುದಿಲ್ಲ. ಸ್ವಲ್ಪ ದೂರ ಜಾರಿ, ನಿಧಾನವಾಗಿ, ನಿಲ್ಲುತ್ತದೆ. ಅದನ್ನು ನಿಲ್ಲಿಸಿದವರು ಯಾರು?

ಹಾಳೆಗೂ ನೆಲಕ್ಕೂ ನಡುವೆ ಇರುವ ಘರ್ಷಣೆಯೇ ನಿಲ್ಲಿಸಿದುದು. ಘರ್ಷಣೆಯೆಂದರೆ ಒಂದಕ್ಕೊಂದು ತಾಗಿಕೊಂಡ ಎರಡು ಮೈಗಳು ಜಾರುವಿಕೆಗೆ ಒಡ್ಡುವ ಪ್ರತಿರೋಧ. ಅದು ಯಾವಾಗಲೂ ಜಾರುವ ದಿಕ್ಕಿಗೆ ವಿರುದ್ಧವಾಗಿ ಎಳೆಯುತ್ತದೆ. ಇಟಲಿಯ ಲಿಯೊನಾರ್ಡೊ ಡ ವಿಂಚಿ ಐದು ಶತಮಾನಗಳ ಹಿಂದೆಯೇ ಇದನ್ನು ಪರೀಕ್ಷಿಸಿ ತನ್ನ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟಿದ್ದ. ಆದರೆ ಅವು ಪ್ರಕಟವಾಗದೆ ಉಳಿದುದರಿಂದ ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ 1699ರಲ್ಲಿ ಅದನ್ನೇ ಮತ್ತೆ ಕಂಡುಹಿಡಿಯಬೇಕಾಯಿತು. ಬಳಿಕ ವಿದ್ಯುತ್ತಿನ ನಿಯಮದಿಂದ ಪ್ರಸಿದ್ಧನಾದ ಕೂಲಂಬ್ 1785ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳಿಂದ ಇದನ್ನು ಇನ್ನಷ್ಟು ಗಟ್ಟಿಗೊಳಿಸಿದ.

ಇವರು ಕಂಡುಕೊಂಡ ನಿಯಮಗಳು ಮುಖ್ಯವಾಗಿ ಮೂರು. ಮೊದಲನೆಯದು, ಘರ್ಷಣೆಯ ಬಲ ನೆಲವನ್ನು ಒತ್ತುವ ಭಾರಕ್ಕೆ ಅನುಪಾತವಾಗಿರುತ್ತದೆ. ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿ. ಎರಡನೆಯದು, ತಾಗುವ ಮೈಯ ಅಗಲ ಎಷ್ಟೆಂಬುದು ಮುಖ್ಯವಲ್ಲ. ಇಟ್ಟಿಗೆಯನ್ನು ಅಡ್ಡ ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಬೇಕಾದ ಬಲ ಹೆಚ್ಚುಕಡಿಮೆ ಒಂದೇ. ಮೂರನೆಯದು, ಒಮ್ಮೆ ಜಾರತೊಡಗಿದ ಮೇಲೆ ಘರ್ಷಣೆಯ ಬಲ ವೇಗವನ್ನು ಅಷ್ಟಾಗಿ ಅವಲಂಬಿಸಿರುವುದಿಲ್ಲ.

ಎರಡನೆಯ ನಿಯಮ ವಿಚಿತ್ರವೆಂದು ತೋರಬಹುದು. ಅದರ ಕಾರಣವನ್ನು ಕೇಂಬ್ರಿಜ್ಜಿನ ವಿಜ್ಞಾನಿಗಳಾದ ಬೌಡನ್ ಮತ್ತು ಟೇಬರ್ ಕಳೆದ ಶತಮಾನದಲ್ಲಿ ವಿವರಿಸಿದರು. ಕಣ್ಣಿಗೆ ನುಣುಪಾಗಿ ಕಾಣುವ ಮೈಯೂ ಸೂಕ್ಷ್ಮವಾಗಿ ನೋಡಿದರೆ ನಮ್ಮ ಮುರಕಲ್ಲಿನ ಗುಡ್ಡೆಯಂತೆ ಏರುತಗ್ಗಾಗಿರುತ್ತದೆ. ಎರಡು ಮೈಗಳು ನಿಜವಾಗಿ ತಾಗುವುದು ಕೆಲವು ಶಿಖರಗಳ ತುದಿಯಲ್ಲಿ ಮಾತ್ರ. ಭಾರ ಹೆಚ್ಚಿದಂತೆ ಈ ತುದಿಗಳು ಚಪ್ಪಟೆಯಾಗಿ ನಿಜವಾದ ಸ್ಪರ್ಶ ಹೆಚ್ಚುತ್ತದೆ. ಹೊರಗಿನಿಂದ ಕಾಣುವ ಅಗಲಕ್ಕೂ ಅದಕ್ಕೂ ಸಂಬಂಧ ಕಡಿಮೆ. ಟಯರಿನ ರಬ್ಬರಿಗೆ ಈ ನಿಯಮಗಳು ಅಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಆದರೂ ಸ್ಥೂಲವಾದ ಲೆಕ್ಕಕ್ಕೆ ಅವು ಸಾಕು.

ಘರ್ಷಣೆಯ ಬಲವನ್ನು ಭಾರದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಘರ್ಷಣಾಂಕವೆಂದು ಹೆಸರು. ಒಣಗಿದ ಟಾರು ರಸ್ತೆಯ ಮೇಲೆ ಟಯರಿನ ಘರ್ಷಣಾಂಕ ಸುಮಾರು 0.7. ರಸ್ತೆ ಒದ್ದೆಯಾದರೆ ಅದು 0.4ರ ಆಸುಪಾಸಿಗೆ ಇಳಿಯುತ್ತದೆ. ರಾಡಿಯೋ ಎಣ್ಣೆಯೋ ಇದ್ದರೆ ಇನ್ನೂ ಕಡಿಮೆ.

ಲೆಕ್ಕದ ಬಗೆ

ಈಗ ಹಾಳೆಯ ಲೆಕ್ಕವನ್ನು ಮಾಡೋಣ. ಹಾಳೆಯ ಮೇಲೆ ಕುಳಿತ ಹುಡುಗನ ತೂಕ 30 ಕಿಲೋಗ್ರಾಂ. ಕೈ ಬಿಟ್ಟಾಗ ವೇಗ ಸೆಕೆಂಡಿಗೆ 3 ಮೀಟರ್. ಒಂದೂವರೆ ಮೀಟರ್ ಜಾರಿ ನಿಂತಿತೆಂದಿಟ್ಟುಕೊಳ್ಳೋಣ.

ಚಲಿಸುವ ವಸ್ತುವಿನಲ್ಲಿ ಒಂದು ಶಕ್ತಿ ಅಡಗಿರುತ್ತದೆ. ತೂಕದ ಅರ್ಧವನ್ನು ವೇಗದಿಂದ ಎರಡು ಬಾರಿ ಗುಣಿಸಿದರೆ ಈ ಚಲನ ಶಕ್ತಿ ಸಿಗುತ್ತದೆ. 30ರ ಅರ್ಧ 15. ಮೂರು ಮೂರಲ ಒಂಬತ್ತು. 15ನ್ನು 9ರಿಂದ ಗುಣಿಸಿದರೆ 135 ಜೌಲ್. ವಸ್ತು ನಿಲ್ಲಬೇಕಾದರೆ ಈ ಶಕ್ತಿಯನ್ನೆಲ್ಲ ಘರ್ಷಣೆ ತಿಂದು ತೀರಿಸಬೇಕು. ಘರ್ಷಣೆ ಮಾಡುವ ಕೆಲಸವೆಂದರೆ ಅದರ ಬಲವನ್ನು ಜಾರಿದ ದೂರದಿಂದ ಗುಣಿಸಿದಷ್ಟು. ಆದುದರಿಂದ 135ನ್ನು ಒಂದೂವರೆಯಿಂದ ಭಾಗಿಸಿದರೆ 90 ನ್ಯೂಟನ್. ಇದೇ ಹಾಳೆಯನ್ನು ನಿಲ್ಲಿಸಿದ ಬಲ. ಒಂದು ಕಿಲೋಗ್ರಾಂ ತೂಕದ ವಸ್ತು ನೆಲವನ್ನು ಒತ್ತುವ ಬಲ ಸುಮಾರು 9.8 ನ್ಯೂಟನ್ ಆದುದರಿಂದ, ಒಂಬತ್ತು ಕಿಲೋ ಅಕ್ಕಿಯ ಚೀಲವನ್ನು ಎತ್ತಿ ಹಿಡಿಯುವಷ್ಟು ಬಲವೆಂದು ತಿಳಿದರೆ ಸಾಕು. ಹುಡುಗನ ಭಾರ 294 ನ್ಯೂಟನ್. 90ನ್ನು ಅದರಿಂದ ಭಾಗಿಸಿದರೆ ಘರ್ಷಣಾಂಕ 0.3ಕ್ಕೆ ಸ್ವಲ್ಪ ಮೇಲೆ.

ಈಗ ಅದೇ ಹಾಳೆಯ ಮೇಲೆ, ಅದೇ ಅಂಗಳದಲ್ಲಿ, 45 ಕಿಲೋಗ್ರಾಂ ತೂಕದ ಅಣ್ಣನನ್ನು ಕೂರಿಸಿ ಅದೇ ವೇಗದಲ್ಲಿ ಬಿಟ್ಟರೆ? ಅವನ ಚಲನ ಶಕ್ತಿ ಒಂದೂವರೆ ಪಾಲು ಆಗುತ್ತದೆ. ಆದರೆ ಅವನ ಭಾರ ನೆಲವನ್ನು ಒತ್ತುವುದೂ ಒಂದೂವರೆ ಪಾಲು. ಆದ್ದರಿಂದ ಘರ್ಷಣೆಯ ಬಲವೂ ಒಂದೂವರೆ ಪಾಲು, ಅಂದರೆ 135 ನ್ಯೂಟನ್. ಹೆಚ್ಚಾದ ಶಕ್ತಿಯನ್ನು ಹೆಚ್ಚಾದ ಬಲ ಸರಿದೂಗಿಸುತ್ತದೆ. ಅಣ್ಣನೂ ಒಂದೂವರೆ ಮೀಟರಿಗೇ ನಿಲ್ಲುತ್ತಾನೆ. ಜಾರುವ ದೂರದ ಲೆಕ್ಕದಲ್ಲಿ ತೂಕ ಎರಡೂ ಕಡೆ ಬಂದು, ಕೊನೆಗೆ ಕಳೆದುಹೋಗುತ್ತದೆ.

ಉಳಿಯುವ ಸೂತ್ರ ಇಷ್ಟೇ: ವೇಗದ ವರ್ಗವನ್ನು, ಘರ್ಷಣಾಂಕ ಮತ್ತು 9.8 ಇವುಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿದರೆ ಜಾರುವ ದೂರ.

ಚಾ ಹೋಟೆಲಿನ ತೀರ್ಪು

ಚರ್ಚೆಗೆ ಮರಳೋಣ. ಚಕ್ರಗಳು ಬಿಗಿದು ನಿಂತು ಬಸ್ಸು ಜಾರಿದುದು ನಿಜವಾದರೆ, ಅದು ಖಾಲಿಯಿತ್ತೇ ತುಂಬಿತ್ತೇ ಎಂಬುದರಿಂದ ದೂರ ಬದಲಾಗುವುದಿಲ್ಲ. ಬಸ್ಸಿನ ಚಾಲಕನ ವಾದ ಬಿದ್ದುಹೋಯಿತು. ಜೀಪು ಚಾಲಕರ ವಾದವೂ ಅಷ್ಟಕ್ಕೆ ಬಿದ್ದುಹೋಯಿತೆನ್ನಬೇಕು. ಆದರೆ ಅವರ ಅನುಭವದಲ್ಲಿ ಒಂದು ಸತ್ಯಾಂಶವಿದೆ. ಬ್ರೇಕು ಕೂಡ ಘರ್ಷಣೆಯಿಂದಲೇ ಕೆಲಸ ಮಾಡುವ ಯಂತ್ರ. ಮಿತಿಮೀರಿ ಭಾರ ಹೇರಿದ ಲಾರಿಯ ಚಕ್ರಗಳನ್ನು ಬಿಗಿಯುವ ಸಾಮರ್ಥ್ಯ ಅದರ ಬ್ರೇಕಿಗೆ ಇಲ್ಲದಿರಬಹುದು. ಉದ್ದನೆಯ ಇಳಿಜಾರಿನಲ್ಲಿ ಒತ್ತಿಕೊಂಡೇ ಬಂದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದೂ ಉಂಟು. ಆಗ ದೂರವನ್ನು ನಿರ್ಧರಿಸುವುದು ರಸ್ತೆಯಲ್ಲ, ಬ್ರೇಕು. ಭಾರದ ಗಾಡಿ ನಿಲ್ಲುವುದಿಲ್ಲವೆಂಬ ಮಾತು ಅಲ್ಲಿಂದ ಬಂದುದು.

ಸೂತ್ರವನ್ನು ತಿರುಗಿಸಿ ಬಳಸಿದರೆ, ಜಾರಿದ ದೂರದಿಂದ ವೇಗವನ್ನು ಕಂಡುಹಿಡಿಯಬಹುದು. ಅಪಘಾತದ ತನಿಖೆ ಮಾಡುವವರು ರಸ್ತೆಯ ಮೇಲಿನ ಟಯರಿನ ಗೆರೆಗಳನ್ನು ಅಳೆಯುವುದು ಇದಕ್ಕಾಗಿಯೇ. ನಾವು ಅಳೆದ 16 ಮೀಟರಿಗೆ ಒದ್ದೆ ರಸ್ತೆಯ 0.4ನ್ನು ಹಿಡಿದರೆ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್ ಬರುತ್ತದೆ. ರಾಡಿಯಿಂದಾಗಿ ಘರ್ಷಣಾಂಕ 0.3 ಇದ್ದಿತೆಂದರೆ 35. ಅಂದರೆ ಆ ಚಾಲಕ ಅತಿ ವೇಗದಲ್ಲಿ ಬಂದಿರಲಿಲ್ಲ. ಹುಡುಗ ಉಳಿದುದು ಖಾಲಿ ಬಸ್ಸಿನಿಂದಲೂ ಅಲ್ಲ, ತುಂಬಿದ ಬಸ್ಸಿನಿಂದಲೂ ಅಲ್ಲ, ವೇಗ 40ರಲ್ಲಿದ್ದುದರಿಂದ. ಆ ಸಂಜೆಯ ಚರ್ಚೆಯಲ್ಲಿ ವೇಗದ ಮಾತನ್ನು ಯಾರೂ ಎತ್ತಿರಲಿಲ್ಲ.

ನಲವತ್ತಕ್ಕೂ ಅರವತ್ತಕ್ಕೂ ಇರುವ ಅಂತರ

ಬಸ್ಸು 60ರಲ್ಲಿ ಬಂದಿದ್ದರೆ ಏನಾಗುತ್ತಿತ್ತು? ವೇಗ ಒಂದೂವರೆ ಪಾಲು ಆದರೆ ದೂರವೂ ಒಂದೂವರೆ ಪಾಲು ಆಗುವುದೆಂದು ನಮ್ಮಲ್ಲಿ ಹೆಚ್ಚಿನವರ ಎಣಿಕೆ. ಸೂತ್ರದಲ್ಲಿರುವುದು ವೇಗವಲ್ಲ, ವೇಗದ ವರ್ಗ. ಒದ್ದೆ ರಸ್ತೆಯಲ್ಲಿ 40ರ ವೇಗಕ್ಕೆ ಜಾರುವ ದೂರ 16 ಮೀಟರಿನಷ್ಟಾದರೆ, 60ಕ್ಕೆ 35 ಮೀಟರ್, 80ಕ್ಕೆ 63 ಮೀಟರ್. ವೇಗ ಇಮ್ಮಡಿಯಾದಾಗ ದೂರ ನಾಲ್ಕು ಪಾಲು.

ಇದಕ್ಕೆ ಇನ್ನೊಂದು ದೂರವನ್ನು ಸೇರಿಸಬೇಕು. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಬಹಳ ಚುರುಕಾದ ಚಾಲಕನಿಗೂ ಒಂದು ಸೆಕೆಂಡಿನಷ್ಟು ಕಾಲ ಬೇಕು. ಆ ಒಂದು ಸೆಕೆಂಡಿನಲ್ಲಿ 40ರ ಬಸ್ಸು 11 ಮೀಟರ್ ಮುಂದೆ ಹೋಗಿರುತ್ತದೆ. 60ರ ಬಸ್ಸು ಸುಮಾರು 17 ಮೀಟರ್.

ಎರಡು ಬಸ್ಸುಗಳು ಅಕ್ಕಪಕ್ಕದಲ್ಲಿ ಬರುತ್ತಿವೆಯೆಂದು ಕಲ್ಪಿಸಿಕೊಳ್ಳೋಣ. ಒಂದು 40ರಲ್ಲಿ, ಇನ್ನೊಂದು 60ರಲ್ಲಿ. 27 ಮೀಟರ್ ಮುಂದೆ ಒಂದು ಮಗು ರಸ್ತೆಗಿಳಿಯುತ್ತದೆ. ಇಬ್ಬರು ಚಾಲಕರೂ ಅದೇ ಕ್ಷಣದಲ್ಲಿ ಕಂಡು, ಒಂದು ಸೆಕೆಂಡಿನಲ್ಲಿ ಬ್ರೇಕು ಹಾಕುತ್ತಾರೆ. 40ರ ಬಸ್ಸು ಮಗುವಿನ ಎದುರಿಗೆ ಬಂದು ನಿಲ್ಲುತ್ತದೆ. ಅದೇ ಜಾಗವನ್ನು ತಲಪುವಾಗ 60ರ ಬಸ್ಸಿನ ವೇಗ ಎಷ್ಟು ಉಳಿದಿರುತ್ತದೆ? ಹತ್ತೋ ಹದಿನೈದೋ ಎಂದು ಹೇಳಿದವರೇ ಹೆಚ್ಚು. ಲೆಕ್ಕ ಹೇಳುವುದು ಬೇರೆ: ಗಂಟೆಗೆ 50 ಕಿಲೋಮೀಟರ್. ವೇಗದ ಬಹುಪಾಲು ಕಳೆಯುವುದು ಜಾರುವಿಕೆಯ ಕೊನೆಯ ಕೆಲವು ಮೀಟರುಗಳಲ್ಲಿ. ಆ ಕೊನೆಯ ಮೀಟರುಗಳು ಅಲ್ಲಿ ಇರುವುದೇ ಇಲ್ಲ.

ರಸ್ತೆ ನಿರ್ಮಿಸುವವರಿಗೆ ಈ ಲೆಕ್ಕ ಹೊಸದಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಚಾಲಕನಿಗೆ ಎರಡೂವರೆ ಸೆಕೆಂಡಿನ ಕಾಲಾವಕಾಶ ಕೊಟ್ಟು, ಘರ್ಷಣಾಂಕವನ್ನು 0.35ರಿಂದ 0.40ರೊಳಗೆ ಹಿಡಿದು, 60ರ ವೇಗಕ್ಕೆ 80 ಮೀಟರ್ ದೂರವಾದರೂ ಮುಂದಿನ ರಸ್ತೆ ಕಾಣಿಸಬೇಕೆಂದು ವಿಧಿಸಲಾಗಿದೆ. ನಮ್ಮ ಒಳನಾಡಿನ ತಿರುವುಗಳಲ್ಲಿ, ಎರಡೂ ಬದಿಗೆ ಮುರಕಲ್ಲಿನ ದರೆ ಇರುವಲ್ಲಿ, 80 ಮೀಟರ್ ಕಾಣುವ ಜಾಗಗಳೆಷ್ಟಿವೆ ಎಂಬುದನ್ನು ವಾಚಕರೇ ನೋಡಿ ತಿಳಿಯಬಹುದು. ಕಾಣದ ಕಡೆ ವೇಗ ಇಳಿಸುವುದಲ್ಲದೆ ಬೇರೆ ದಾರಿಯಿಲ್ಲ.

ಇಳಿಜಾರಿನಲ್ಲಿ ಸ್ಥಿತಿ ಇನ್ನೂ ಕಠಿಣ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆಯಲ್ಲಿ ಭೂಮಿಯ ಸೆಳೆತವೇ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ. ಘರ್ಷಣಾಂಕ 0.4ರಲ್ಲಿ 0.1 ಅದಕ್ಕೇ ಖರ್ಚಾಗಿ, ನಿಲ್ಲಿಸಲು ಉಳಿಯುವುದು 0.3 ಮಾತ್ರ. 60ರಲ್ಲಿ 35 ಮೀಟರಿಗೆ ನಿಲ್ಲುತ್ತಿದ್ದ ಗಾಡಿ 47 ಮೀಟರ್ ಜಾರುತ್ತದೆ.

ಚಕ್ರ ಬಿಗಿಯಬಾರದೇಕೆ?

ನಿಂತಿರುವ ಬೀರುವನ್ನು ತಳ್ಳುವಾಗ ಮೊದಲು ಕದಲಿಸಲು ಹೆಚ್ಚು ಬಲ ಬೇಕು. ಕದಲಿದ ಮೇಲೆ ಅಷ್ಟು ಬೇಡ. ಜಾರದೆ ಇರುವಾಗಿನ ಘರ್ಷಣೆ ಜಾರುವಾಗಿನ ಘರ್ಷಣೆಗಿಂತ ಹೆಚ್ಚು ಎಂದು ಇದರ ಅರ್ಥ. ಉರುಳುತ್ತಿರುವ ಚಕ್ರದಲ್ಲಿ ನೆಲಕ್ಕೆ ತಾಗಿದ ಭಾಗ ಆ ಕ್ಷಣಕ್ಕೆ ಜಾರುತ್ತಿರುವುದಿಲ್ಲ. ಆದುದರಿಂದ ಅದಕ್ಕೆ ಹೆಚ್ಚಿನ ಹಿಡಿತ ದೊರೆಯುತ್ತದೆ. ಚಕ್ರ ಬಿಗಿದು ಜಾರತೊಡಗಿದೊಡನೆ ಹಿಡಿತ ಕಡಿಮೆಯಾಗುವುದಲ್ಲದೆ, ಸ್ಟೇರಿಂಗಿನ ಮಾತನ್ನೂ ಗಾಡಿ ಕೇಳುವುದಿಲ್ಲ. ಚಕ್ರ ಬಿಗಿಯುವ ಹಂತದಲ್ಲಿ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುವ ಎಬಿಎಸ್ ಎಂಬ ಸಾಧನವನ್ನು ಮಾಡಿದುದು ಇದಕ್ಕೇ. 125 ಸಿಸಿಗಿಂತ ದೊಡ್ಡ ಎಂಜಿನಿನ ದ್ವಿಚಕ್ರ ವಾಹನಗಳಿಗೆ ನಮ್ಮ ದೇಶದಲ್ಲಿ 2019ರ ಎಪ್ರಿಲಿನಿಂದ ಅದು ಕಡ್ಡಾಯವಾಗಿದೆ. ಆದರೆ ಯಾವ ಸಾಧನವೂ ರಸ್ತೆ ಕೊಡುವ ಹಿಡಿತವನ್ನು ಮೀರಲಾರದು. ಸವೆದು ನುಣುಪಾದ ಟಯರು ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ನೀರಿನ ಪದರವೇ ಅದನ್ನು ಎತ್ತಿ ಹಿಡಿಯುತ್ತದೆ. ರಬ್ಬರು ರಸ್ತೆಯನ್ನು ಮುಟ್ಟುವುದೇ ಇಲ್ಲ. ಆಗ ಬ್ರೇಕು ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

ಹೆದ್ದಾರಿ ಅಗಲವಾದ ಮೇಲೆ ನಮ್ಮ ಜಿಲ್ಲೆಯಲ್ಲಿ ವೇಗ ಹೆಚ್ಚಿದೆ. ಆದರೆ ರಸ್ತೆ ಅಗಲವಾದ ಮಾತ್ರಕ್ಕೆ ಘರ್ಷಣಾಂಕ ಹೆಚ್ಚುವುದಿಲ್ಲ.

ನಮ್ಮವರು ತೆತ್ತ ಬೆಲೆ

ಬಸ್ಸಿಗೆ ಅನ್ವಯಿಸುವ ಲೆಕ್ಕವೇ ರನ್‌ವೇಯ ಮೇಲೆ ಓಡುವ ವಿಮಾನಕ್ಕೂ ಅನ್ವಯಿಸುತ್ತದೆ. ಈ ಮಾತನ್ನು ಬರೆಯುವಾಗ 2010ರ ಮೇ 22ರ ಮುಂಜಾನೆಯನ್ನು ನೆನೆಯದಿರಲು ಕಾಸರಗೋಡಿನವರಿಗೆ ಸಾಧ್ಯವಿಲ್ಲ. ದುಬಾಯಿಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಇಳಿದು, ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ಮಡಿದರು. 8 ಮಂದಿ ಮಾತ್ರ ಉಳಿದರು. ಮಡಿದವರಲ್ಲಿ ನಮ್ಮ ಜಿಲ್ಲೆಯವರು ಹಲವರು.

ಆ ರನ್‌ವೇಯ ಉದ್ದ ಸುಮಾರು 8,000 ಅಡಿ. ವಿಮಾನ ನೆಲ ಮುಟ್ಟಿದುದು ಅದರ ಆರಂಭದಿಂದ 5,200 ಅಡಿ ದಾಟಿದ ಮೇಲೆ. ಉಳಿದುದು 2,800 ಅಡಿ. ನೆಲ ಮುಟ್ಟಿದ ಕೂಡಲೇ ಪೂರ್ಣ ಬ್ರೇಕು ಹಾಕಿ, ಎಂಜಿನುಗಳ ಹಿಮ್ಮುಖ ಒತ್ತಡವನ್ನೂ ಬಳಸಿದ್ದರೆ ಅದು 7,600 ಅಡಿಯೊಳಗೆ ನಿಲ್ಲಬಹುದಿತ್ತೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯ ವಿಶ್ಲೇಷಣೆ ಹೇಳಿತು. ಅಂದರೆ ನಿಲ್ಲಲು ಬೇಕಾದುದು 2,400 ಅಡಿ, ಸುಮಾರು 730 ಮೀಟರ್. ಇಂಥ ವಿಮಾನ ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿತೆಂದಿಟ್ಟುಕೊಂಡು ನಮ್ಮ ಸೂತ್ರದಲ್ಲಿ ಹಾಕಿ ನೋಡಿದರೆ, ಟಯರು, ಎಂಜಿನು, ಗಾಳಿ ಮೂರೂ ಸೇರಿ ವಿಮಾನದ ಭಾರದ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಬಲದಿಂದ ಹಿಂದಕ್ಕೆ ಎಳೆಯಬೇಕಾಗಿತ್ತು. ಅದು ಅಸಾಧ್ಯವಾದುದಲ್ಲ. ಆದರೆ ಬ್ರೇಕು ಹಾಕತೊಡಗಿದ ಮೇಲೆ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. ಅದಕ್ಕೆ ರನ್‌ವೇ ಸಾಲಲಿಲ್ಲ. ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೊಂದು ಸುತ್ತು ಹಾಕಬೇಕೆಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರೂ ಅದು ನಡೆಯದೆ ಹೋದುದೇ ಮೂಲ ಕಾರಣವೆಂದು ತನಿಖಾ ನ್ಯಾಯಾಲಯ ಕಂಡುಕೊಂಡಿತು.

ಹತ್ತು ವರ್ಷಗಳ ಬಳಿಕ, 2020ರ ಆಗಸ್ಟ್ 7ರಂದು, ಕೋಝಿಕ್ಕೋಡಿನ ಕರಿಪ್ಪೂರಿನಲ್ಲಿ ಜಡಿಮಳೆಯ ನಡುವೆ ಇಳಿದ ಇನ್ನೊಂದು ವಿಮಾನವೂ ರನ್‌ವೇಯ ತುದಿ ದಾಟಿ ಕೆಳಗೆ ಬಿತ್ತು. 21 ಮಂದಿ ತೀರಿಕೊಂಡರು. ಎರಡು ಕಡೆಯಲ್ಲೂ ಒಂದೇ ಮಾತು: ಮುಂದೆ ಉಳಿದಿರುವ ದೂರ ಎಷ್ಟು, ಈಗಿನ ವೇಗ ಎಷ್ಟು. ಇವೆರಡು ಹೊಂದದಿದ್ದರೆ ಬ್ರೇಕು ಒಂದೇ ಏನೂ ಮಾಡಲಾರದು.

ಮನೆಯಲ್ಲೇ ಒಂದು ಪ್ರಯೋಗ

ಮಕ್ಕಳು ಈ ಘರ್ಷಣಾಂಕವನ್ನು ಮನೆಯಲ್ಲೇ ಅಳೆಯಬಹುದು. ಒಂದು ಹಲಗೆ, ಹಳೆಯ ರಬ್ಬರು ಚಪ್ಪಲಿ, ಒಂದು ಅಳತೆ ಟೇಪು ಇದ್ದರೆ ಸಾಕು. ಚಪ್ಪಲಿಯನ್ನು ಹಲಗೆಯ ಮೇಲಿಟ್ಟು ಒಂದು ತುದಿಯನ್ನು ಮೆಲ್ಲನೆ ಎತ್ತಬೇಕು. ಹಲಗೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಚಪ್ಪಲಿ ಒಂದೇ ವೇಗದಲ್ಲಿ ಜಾರತೊಡಗುವ ಓರೆಯಲ್ಲಿ ನಿಲ್ಲಿಸಿ, ಎತ್ತಿದ ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡ ಅಳತೆಯಿಂದ ಭಾಗಿಸಬೇಕು. ಅಡ್ಡ 100 ಸೆಂಟಿಮೀಟರ್, ಎತ್ತರ 60 ಇದ್ದರೆ ಘರ್ಷಣಾಂಕ 0.6. ಬಳಿಕ ಹಲಗೆಗೆ ನೀರು ಹಾಕಿ ನೋಡಿ. ಒಂದು ಚಿಟಿಕೆ ಸೋಪಿನ ನೀರನ್ನೂ ಹಚ್ಚಿ ನೋಡಿ. ಚಪ್ಪಲಿಯ ಮೇಲೆ ಒಂದು ಕಲ್ಲನ್ನು ಹೇರಿ ಮತ್ತೆ ಅಳೆಯಿರಿ. ಓರೆ ಹೆಚ್ಚುಕಡಿಮೆ ಬದಲಾಗದೆ ಉಳಿಯುವುದನ್ನು ಕಂಡರೆ ಚಾ ಹೋಟೆಲಿನ ಚರ್ಚೆ ಮನೆಯಲ್ಲೇ ಇತ್ಯರ್ಥವಾದಂತೆ.

ಆ ಲಕೋಟೆಯನ್ನು ನಾವು ಮರುವಾರ ಚಾ ಹೋಟೆಲಿಗೆ ಒಯ್ದಿದ್ದೆವು. ಜೀಪು ಚಾಲಕರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. ಬಸ್ಸಿನ ಚಾಲಕ ಒಂದೇ ಪ್ರಶ್ನೆ ಕೇಳಿದ: "ಅರವತ್ತರಲ್ಲಿ ಬಂದಿದ್ದರೆ ಐವತ್ತರಲ್ಲಿ ಬಡಿಯುತ್ತಿತ್ತೇ?" ಹೌದೆಂದೆವು. ಅವನು ಮತ್ತೇನೂ ಹೇಳಲಿಲ್ಲ. ಈಗ ಆ ತಿರುವಿಗೆ ಬರುವಾಗ ಅವನ ಬಸ್ಸು ಮೂವತ್ತಕ್ಕಿಂತ ಮೇಲಿರುವುದಿಲ್ಲವೆಂದು ಹೋಟೆಲಿನವರು ಹೇಳುತ್ತಾರೆ. ಉಳಿದವರೂ ಈ ಮಳೆಗಾಲದಲ್ಲಿ ಅಷ್ಟು ಮಾಡಿದರೆ, ಕೊಡೆಯನ್ನು ಅಡ್ಡ ಹಿಡಿದು ರಸ್ತೆಗಿಳಿಯುವ ಮಕ್ಕಳಿಗೆ ಅಷ್ಟರಮಟ್ಟಿಗೆ ಕ್ಷೇಮ.